10 ಕಂಪ್ಯೂಟರ್, 40 ಮಕ್ಕಳು: ಎಲ್ಲಿಂದ ಶುರು ಮಾಡಲಿ?

ಕೇಳಿದವರು: ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಶಾಲೆಗೆ 10 ಕಂಪ್ಯೂಟರ್ ಬಂದಿವೆ, ಮಕ್ಕಳು 40. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿಯವರೆಗೆ ಪ್ರೊಜೆಕ್ಟರ್‌ನಲ್ಲಿ ವಿಡಿಯೋ ತೋರಿಸಿದ್ದೇ ಜಾಸ್ತಿ. ಮಕ್ಕಳ ಕೈಗೇ ಕೊಟ್ಟು ಪಾಠ ಮಾಡಿದವರು ಹೇಗೆ ಶುರು ಮಾಡಿದಿರಿ?

ಭೌತಶಾಸ್ತ್ರದ ಮೇಷ್ಟ್ರು: ಒಂದೇ ಒಂದು ಪಾಠ ಆರಿಸಿಕೊಳ್ಳಿ. ನಾನು ಮೊದಲ ವಾರವೇ ನಾಲ್ಕು ಆ್ಯಪ್ ತೋರಿಸಿ ಎಡವಿದೆ. ಮಕ್ಕಳಿಗೆ ಬಟನ್‌ಗಳು ನೆನಪಿದ್ದವು, ಪಾಠ ನೆನಪಿರಲಿಲ್ಲ. ಆಮೇಲೆ ಉಳಿಸಿಕೊಂಡದ್ದು ಫೆಟ್ (PhET) ಸಿಮ್ಯುಲೇಶನ್ ಮಾತ್ರ, ಅಂದರೆ ಪರದೆ ಮೇಲೆಯೇ ಪ್ರಯೋಗ ಮಾಡಿ ನೋಡುವ ಮಾದರಿಗಳು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು ಅದು, ಉಚಿತ. ಎಚ್‌ಟಿಎಂಎಲ್ ರೂಪದಲ್ಲಿರುವವನ್ನು ಒಂದೊಂದಾಗಿ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದು. ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತವೆ.

ವಿದ್ಯುತ್ ಮಂಡಲ ಕಟ್ಟುವ ಸಿಮ್ಯುಲೇಶನ್ನೇ ಮೊದಲು ಕೊಡಿ. ಬ್ಯಾಟರಿಯ ಎರಡೂ ತುದಿಗೆ ಬರೀ ತಂತಿ ಸೇರಿಸಿದರೆ ಪರದೆ ಮೇಲೆ ಬೆಂಕಿ ಹೊತ್ತಿಕೊಳ್ಳುತ್ತದೆ. ಯಾರೋ ಒಬ್ಬ ಅದನ್ನು ಕಂಡುಹಿಡಿದೇ ಹಿಡಿಯುತ್ತಾನೆ, ಎರಡು ನಿಮಿಷದಲ್ಲಿ ಎಲ್ಲ ಪರದೆಯಲ್ಲೂ ಬೆಂಕಿ. ಬೈಯಬೇಡಿ, ಸ್ವಲ್ಪ ಹೊತ್ತು ಆಡಲು ಬಿಡಿ. ಆಮೇಲೆ ಮೌಸ್ ಬಿಡಿಸಿ, ಕಾಗದ ಕೊಟ್ಟು ಕೇಳಿ: ಒಂದು ಬಲ್ಬಿನ ಪಕ್ಕ ಅದೇ ಸಾಲಿನಲ್ಲಿ ಅಂಥದ್ದೇ ಇನ್ನೊಂದು ಸೇರಿಸಿದರೆ ಏನಾಗುತ್ತದೆ? ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ‘ಮೊದಲನೇದು ಜೋರಾಗಿ ಉರಿಯುತ್ತೆ, ಎರಡನೇದಕ್ಕೆ ಮಿಕ್ಕಿದ್ದು’ ಎಂದು ಬರೆದಿದ್ದರು. ಮಾಡಿ ನೋಡಿದರೆ ಎರಡೂ ಒಂದೇ ಸಮ ಮಂಕು. ಒಬ್ಬಳು ಬಲ್ಬುಗಳನ್ನು ಅದಲು ಬದಲು ಮಾಡಿ ಮೂರು ಸಲ ನೋಡಿದಳು! ಬರೆಸದೆ ಇದ್ದಿದ್ದರೆ ಸುಮ್ನೆ ಕ್ಲಿಕ್ ಮಾಡಿ ಮುಂದೆ ಹೋಗಿರುತ್ತಿದ್ದರು. ಮಾರನೇ ದಿನ ನಿಜವಾದ ಬಲ್ಬು, ಬ್ಯಾಟರಿ ತಂದು ಅದನ್ನೇ ಮಾಡಿಸಿ.

ಗಣಿತದ ಟೀಚರ್: ಒಂದು ಯಂತ್ರಕ್ಕೆ ನಾಲ್ವರನ್ನು ಕೂರಿಸಬೇಡಿ. ಒಬ್ಬ ಮೌಸ್ ಹಿಡಿಯುತ್ತಾನೆ, ಉಳಿದವರು ಪ್ರೇಕ್ಷಕರು. ಅರ್ಧ ತರಗತಿ ಕಂಪ್ಯೂಟರ್‌ಗೆ, ಅರ್ಧ ಕಾಗದದ ಕೆಲಸಕ್ಕೆ, ಆಮೇಲೆ ಬದಲಿ. ಇಬ್ಬಿಬ್ಬರು ಕೂತಾಗ ನನ್ನ ನಿಯಮ ಒಂದೇ: ಮೌಸ್ ಹಿಡಿದವರು ಪಕ್ಕದವರು ಹೇಳಿದ್ದನ್ನಷ್ಟೇ ಮಾಡಬೇಕು. ಹೇಳಬೇಕಾದರೆ ಗೊತ್ತಿರಬೇಕಲ್ವಾ? ಜಿಯೋಜೀಬ್ರಾ ಎಂಬ ಗಣಿತದ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತ್ರಿಭುಜದ ತುದಿ ಎಳೆಯುವಾಗ ‘ಎಳಿ, ಎಳಿ, ನಿಲ್ಲಿಸು, ಈಗ ಮೂಲೆ ನೋಡು, 90 ಆಯ್ತು’ ಅಂತ ಕೂಗಾಡುತ್ತಾರೆ. ಗಲಾಟೆ ಇರುತ್ತದೆ, ಇರಲಿ.

ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು: ಮಕ್ಕಳಿಗೆ ಎಲ್ಲ ಗೊತ್ತು ಅಂದುಕೊಳ್ಳಬೇಡಿ. ಫೋನಿನಲ್ಲಿ ಬೆಳೆದವರಿಗೆ ಫೈಲ್, ಫೋಲ್ಡರ್ ಅಂದರೇನು ಅಂತಲೇ ಗೊತ್ತಿರುವುದಿಲ್ಲ. ಒಬ್ಬ ಮಾನಿಟರನ್ನು ಬೆರಳಲ್ಲಿ ತಳ್ಳುತ್ತಾ ‘ಮಿಸ್, ಹಾಳಾಗಿದೆ’ ಅಂದ. ಮೊದಲ ಸಲ ಸೇವ್ ಮಾಡಿಸಿದಾಗ ಸಿಕ್ಕಿದ್ದು ಸಾಲು ಸಾಲು ‘ಅನ್‌ಟೈಟಲ್ಡ್’. ಯಾರದ್ದು ಯಾವುದು ಹುಡುಕಲು ಒಂದು ಪೀರಿಯಡ್ ಹೋಯಿತು. ಈಗ ಹೆಸರು, ಪಾಠ, ತಾರೀಕು ಹಾಕಿ ಸೇವ್ ಮಾಡುವುದನ್ನೇ ಒಂದು ಪಾಠವಾಗಿ ಮಾಡುತ್ತೇನೆ. ಬೇಸರದ ಕೆಲಸ, ಆದರೆ ವರ್ಷವಿಡೀ ತಲೆನೋವು ಇಲ್ಲ.

ಭಾಷಾ ಶಿಕ್ಷಕ: ನೆಟ್ ಬಂದ ದಿನ ಹುಡುಕುವುದನ್ನು ಕಲಿಸಿ. ‘ಮರದ ಮೇಲಿನ ಆಕ್ಟೋಪಸ್’ ಬಗ್ಗೆ 1998ರಲ್ಲಿ ತಮಾಷೆಗೆ ಮಾಡಿದ ಒಂದು ಪುಟ ಇದೆ. ಫೋಟೋ, ವೈಜ್ಞಾನಿಕ ಹೆಸರು, ಅಳಿವಿನ ಅಂಚಿನ ಗೋಳು, ಎಲ್ಲ ಇದೆ, ಪ್ರಾಣಿ ಮಾತ್ರ ಇಲ್ಲ. ನನ್ನ ಮಕ್ಕಳು ಅದನ್ನು ಉಳಿಸಲು ಮನವಿ ಪತ್ರ ಬರೆಯಲು ಕೂತಿದ್ದರು. ಪುಟದಲ್ಲೇ ಸತ್ಯ ಹುಡುಕದೆ, ಇನ್ನೊಂದು ಟ್ಯಾಬ್ ತೆರೆದು ಬೇರೆಯವರು ಅದರ ಬಗ್ಗೆ ಏನು ಹೇಳುತ್ತಾರೆ ನೋಡಿ ಅಂದೆ. ಅರ್ಧ ನಿಮಿಷ ಸಾಕಾಯಿತು. ಮೋಸ ಮಾಡಿದಿರಿ ಅಂತ ಎರಡು ದಿನ ಮುನಿಸು, ಅದು ಬೇರೆ.

ಇನ್ನೊಬ್ಬರು: ಪ್ಲಿಕರ್ಸ್ ಎಂಬ ಪ್ರಶ್ನೋತ್ತರದ ಆ್ಯಪ್ ಕೂಡ ನೋಡಿ. ಮಕ್ಕಳ ಕೈಯಲ್ಲಿ ಮುದ್ರಿಸಿದ ಕಾರ್ಡ್, ನಿಮ್ಮ ಕೈಯಲ್ಲಿ ಒಂದು ಫೋನ್. ಕಾರ್ಡನ್ನು ಯಾವ ಬದಿ ಮೇಲೆ ಬರುವಂತೆ ಹಿಡಿಯುತ್ತಾರೋ ಅದೇ ಉತ್ತರ, ಫೋನಿನ ಕ್ಯಾಮೆರಾ ಅದನ್ನು ಓದಿಕೊಳ್ಳುತ್ತದೆ. ಸುಮ್ಮನೆ ಕೂರುವ ಮಕ್ಕಳದ್ದೂ ಗೊತ್ತಾಗುತ್ತದೆ.

ಕೇಳಿದವರು: ವಿದ್ಯುತ್ ಮಂಡಲವನ್ನು ಇವತ್ತು ಮಾಡಿಸಿದೆ, 20 ಮಕ್ಕಳ ಎರಡು ಸರದಿಯಲ್ಲಿ. ಬೆಂಕಿ ನಾಲ್ಕನೇ ನಿಮಿಷಕ್ಕೇ ಬಿತ್ತು. ಮೌಸ್ ನಿಯಮ ಎರಡನೇ ಸರದಿಯಲ್ಲಿ ನೆನಪಾಯಿತು, ಮೊದಲ ಸರದಿಯಲ್ಲಿ ಜಗಳವೋ ಜಗಳ. ಸೇವ್ ಮಾಡಿಸುವುದನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೇನೆ.