‘ಶೆಬಾಕಿಯಾ’ವನ್ನು ಜಿಲೇಬಿ ಎನ್ನಬಹುದೇ?

ಮೊರಾಕೊದ ಅಡುಗೆಯನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ರಂಜಾನಿನ ಸಂಜೆ ಉಪವಾಸ ಬಿಡುವಾಗ ಹರೀರಾ ಎಂಬ ಸೂಪಿನೊಂದಿಗೆ ಅಲ್ಲಿ ತಿನ್ನುವ ಶೆಬಾಕಿಯಾ ಎಂಬ ಸಿಹಿತಿಂಡಿಯನ್ನು ಮೊದಲು ‘ಮೊರಾಕೊದ ಜಿಲೇಬಿ’ ಎಂದೇ ಬರೆದುಕೊಂಡಿದ್ದೆ. ಈಗ ಅದನ್ನು ಹೊಡೆದುಹಾಕಿದ್ದೇನೆ.

ಜಿಲೇಬಿಯ ನಿಜವಾದ ನೆಂಟ ಅರಬ್ಬಿಯ ‘ಝಲಾಬಿಯಾ’. ಹತ್ತನೆಯ ಶತಮಾನದ ಬಾಗ್ದಾದಿನ ಪಾಕಗ್ರಂಥದಲ್ಲಿಯೇ ಕಾಣುವ ಆ ಹೆಸರು ಇಂದು ಅಲ್ಜೀರಿಯಾ, ಟ್ಯುನೀಸಿಯಾಗಳಲ್ಲಿ ‘ಝ್ಲಾಬಿಯಾ’ ಆಗಿ ಬಳಕೆಯಲ್ಲಿದೆ. ಅಲ್ಜೀರಿಯಾದ ಬೂಫಾರಿಕ್ ಪಟ್ಟಣ ಅದಕ್ಕೆ ಹೆಸರುವಾಸಿ. ಅದು ಹುದುಗಿದ ತೆಳುಹಿಟ್ಟನ್ನು ಎಣ್ಣೆಗೆ ಬಿಟ್ಟು ಮಾಡುವ ತಿನಿಸು. ಶೆಬಾಕಿಯಾದ ಹಿಟ್ಟು ಗಟ್ಟಿ: ಎಳ್ಳಿನ ಪುಡಿ, ಸೋಂಪು, ಚಕ್ಕೆ, ಕೇಸರಿ ಹಾಕಿ ನಾದಿ, ಲಟ್ಟಿಸಿ, ಆಯತಾಕಾರವಾಗಿ ಕತ್ತರಿಸಿದ ತುಂಡಿನಲ್ಲಿ ನಾಲ್ಕೈದು ಸೀಳು ಬಿಟ್ಟು, ಒಂದು ಬಿಟ್ಟು ಒಂದು ಪಟ್ಟಿಯನ್ನು ಬೆರಳಿಗೆ ಪೋಣಿಸಿಕೊಂಡು, ಎದುರುಬದುರು ಮೂಲೆಗಳನ್ನು ಒತ್ತಿ ಮಗುಚಿದರೆ ಹೂವಿನಂತಾಗುತ್ತದೆ. ಅದನ್ನು ಕರಿದು, ಬಿಸಿ ಜೇನಿನಲ್ಲಿ ಅದ್ದಿ, ಹುರಿದ ಎಳ್ಳು ಉದುರಿಸುತ್ತಾರೆ.

ಹೆಸರು ಹುಟ್ಟಿರುವುದು ಈ ಹೆಣಿಗೆಯಿಂದಲೇ. ಅರಬ್ಬಿಯಲ್ಲಿ ‘ಶಬಕಾ’ ಎಂದರೆ ಬಲೆ, ‘ಶುಬ್ಬಾಕ್’ ಎಂದರೆ ಜಾಲರಿಯ ಕಿಟಕಿ. ನಮ್ಮಲ್ಲಿಯೂ ‘ಜಾಲ’ದಿಂದ ‘ಜಾಲಂಧ್ರ’ ಬಂದಿದೆ. ಬೇಲೂರಿನ ಗುಡಿಯ ಕಲ್ಲಿನ ಜಾಲಂಧ್ರಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಟರ್ನೆಟ್ ಬಂದಾಗ ನಾವು ‘ಜಾಲ’ವನ್ನು ಹಿಗ್ಗಿಸಿಕೊಂಡಂತೆ ಅವರೂ ‘ಶಬಕಾ’ವನ್ನು ಹಿಗ್ಗಿಸಿಕೊಂಡರು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಬಲೆ, ಕಿಟಕಿ, ಸಂಪರ್ಕಜಾಲ ಮೂರನ್ನೂ ಒಂದೇ ಎಳೆಯಲ್ಲಿ ಹಿಡಿದಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಫ್ರೆಂಚ್ ಕಾಗುಣಿತವನ್ನು ನೋಡಿ ‘ಚೆಬಾಕಿಯಾ’ ಎಂದು ಬರೆದರೆ ಈ ನಂಟು ಮರೆಯಾಗುತ್ತದೆ. ಆದ್ದರಿಂದ ‘ಶ’ಕಾರವೇ ಸರಿ.

‘ಪಾಕದಲ್ಲಿ ಅದ್ದಿ’ ಎನ್ನಲೂ ನನಗೆ ಮನಸ್ಸಿಲ್ಲ. ಪಾಕವೆಂದರೆ ನಮಗೆ ಸಕ್ಕರೆಯದೋ ಬೆಲ್ಲದ್ದೋ, ಎಳೆ ಬಂತೇ ಎಂದು ನೋಡಿ ಇಳಿಸುವಂಥದ್ದು. ಕಿತ್ತಳೆ ಹೂವಿನ ನೀರು ಬೆರೆಸಿ ಬಿಸಿ ಮಾಡಿದ ಜೇನು ಆ ಮಾತಿಗೆ ಒಗ್ಗುವುದಿಲ್ಲ.

ಸದ್ಯಕ್ಕೆ ‘ಶೆಬಾಕಿಯಾ’ ಎಂದೇ ಉಳಿಸಿ, ಮೊದಲ ಸಲ ಬರುವಲ್ಲಿ ‘ಹೆಣೆದು ಕರಿದ ಜೇನಿನ ತಿಂಡಿ’ ಎಂದು ಸೇರಿಸಿದ್ದೇನೆ. ಆದರೆ ‘ಹೆಣೆ’ ಎಂಬುದನ್ನು ನಾನು ಕೇಳಿರುವುದು ಜಡೆಗೆ, ಚಾಪೆಗೆ, ಬುಟ್ಟಿಗೆ; ಹಿಟ್ಟಿಗೆ ಕೇಳಿಲ್ಲ. ಹಿಟ್ಟಿನ ಪಟ್ಟಿಗಳನ್ನು ಹೀಗೆ ಒಂದರೊಳಗೊಂದು ತೂರಿಸುವುದಕ್ಕೆ ನಿಮ್ಮ ಕಡೆಯ ಅಡುಗೆಮನೆಯಲ್ಲಿ ಬೇರೆ ಕ್ರಿಯಾಪದವಿದ್ದರೆ, ಯಾವ ಜಿಲ್ಲೆಯ ಬಳಕೆ, ಯಾವ ತಿಂಡಿಗೆ ಎಂಬುದರ ಸಮೇತ ದಯವಿಟ್ಟು ತಿಳಿಸಿ.