ಲೆಫ್ಟ್ 4 ಡೆಡ್ 2: ಮೂವರು ಸೇರಿ ಆಡಲು ಈಗಲೂ ಕೊಳ್ಳಬಹುದೇ?

ಹಳೆಯ ಲ್ಯಾಪ್‌ಟಾಪ್:
ನಾನು ದಾವಣಗೆರೆಯಲ್ಲಿದ್ದೇನೆ. ಚಿಕ್ಕಪ್ಪನ ಮಗ ಪುಣೆಯಲ್ಲಿ, ಸೋದರತ್ತೆಯ ಮಗಳು ಮಂಗಳೂರಿನಲ್ಲಿ. ಶನಿವಾರ ರಾತ್ರಿ ಮೂವರೂ ಕೂಡಿ ಆಡಲು ಜೊಂಬಿ ಆಟವೊಂದನ್ನು ಹುಡುಕುತ್ತಿದ್ದೇವೆ. ಎಲ್ಲರೂ ಇದರ ಹೆಸರನ್ನೇ ಹೇಳುತ್ತಾರೆ, ಆದರೆ ಇದು 2009ರ ಆಟ, ನಾಲ್ವರು ಜೊತೆಯಾಗಿ ಆಡುವಂಥದ್ದು. ನಮ್ಮ ಕಂಪ್ಯೂಟರುಗಳೂ ಹಳೆಯವು. ಹೊಗಳಿಕೆ ಸಾಕಷ್ಟು ಓದಿದ್ದೇನೆ, ಕೊರತೆಗಳನ್ನೂ ಬಿಚ್ಚಿ ಹೇಳಿ. ನಾಲ್ಕನೆಯವರು ಇಲ್ಲದಿದ್ದರೆ ಆಟ ಕೆಡುತ್ತದೆಯೇ?

ಕಬ್ಬಿನಗದ್ದೆ:
ಧಾರಾಳವಾಗಿ ಕೊಳ್ಳಿ. ಈ ಆಟದ ಜೀವವೆಲ್ಲ ಒಂದೇ ನಿಯಮದಲ್ಲಿದೆ: ಗುಂಪು ಬಿಟ್ಟವರು ಉಳಿಯುವುದಿಲ್ಲ. ಸಾಮಾನ್ಯ ಜೊಂಬಿಗಳ ನಡುವೆ ವಿಶೇಷ ಜೊಂಬಿಗಳೂ ಇವೆ. ಹಂಟರ್ ಹಾರಿ ಕೆಡವಿದರೆ, ಸ್ಮೋಕರ್ ನಾಲಿಗೆ ಚಾಚಿ ಎಳೆದೊಯ್ದರೆ, ಜಾಕಿ ಹೆಗಲೇರಿದರೆ, ಚಾರ್ಜರ್ ಹಿಡಿದು ನೆಲಕ್ಕೆ ಅಪ್ಪಳಿಸಿದರೆ, ಕೈಯಲ್ಲಿ ಎಂಥ ಬಂದೂಕಿದ್ದರೂ ಪ್ರಯೋಜನವಿಲ್ಲ. ಜೊತೆಯವರೇ ಬಂದು ಬಿಡಿಸಬೇಕು. ಹಾಗೆಂದು ಎಲ್ಲರೂ ಒಂದೇ ಮೂಲೆ ಸೇರಿದರೆ ಸ್ಪಿಟರ್ ಕಾಲಡಿಗೆ ಆಸಿಡ್ ಉಗುಳುತ್ತದೆ. ಜೊಂಬಿಗಳ ಹಿಂಡನ್ನು ಯಾವಾಗ ಬಿಡಬೇಕೆಂದು 'ಡೈರೆಕ್ಟರ್' ಎಂಬ ವ್ಯವಸ್ಥೆ ನಿಮ್ಮ ಸ್ಥಿತಿ ನೋಡಿ ತೀರ್ಮಾನಿಸುತ್ತದೆ. ನ್ಯೂ ಆರ್ಲಿಯನ್ಸಿನ ಸ್ಮಶಾನದಲ್ಲಂತೂ ಪ್ರತಿ ಆಟಕ್ಕೂ ದಾರಿಯೇ ಬೇರೆಯಾಗಬಹುದು.

ನನಗೆ ಅತ್ಯಂತ ಪ್ರಿಯವಾದದ್ದು 'ಹಾರ್ಡ್ ರೇನ್' ಭಾಗ. ಪಾಳುಬಿದ್ದ ಸಕ್ಕರೆ ಕಾರ್ಖಾನೆಯ ತುಂಬ ವಿಚ್‌ಗಳು, ಅಂದರೆ ಕೆಣಕಿದರೆ ಮೇಲೆರಗುವ ಹೆಣ್ಣು ಜೊಂಬಿಗಳು, ಅಳುತ್ತ ಅಲೆಯುತ್ತಿರುತ್ತವೆ. ಟಾರ್ಚ್ ಆರಿಸಿ, ಗುಂಡು ಹಾರಿಸದೆ, ದೂರದಿಂದಲೇ ಬಳಸಿಕೊಂಡು ಹೋಗಬೇಕು. ಕಬ್ಬಿನ ಗದ್ದೆ ದಾಟಿ, ದೋಣಿಗೆ ಇಂಧನ ಹೊತ್ತು ಅದೇ ದಾರಿಯಲ್ಲಿ ಮರಳುವಾಗ ಬಿರುಮಳೆ ಹಿಡಿಯುತ್ತದೆ. ಹೋಗುವಾಗ ಓಡಿದ ನೆಲದ ಮೇಲೆ ಈಗ ನೀರು, ಹೆಜ್ಜೆ ನಿಧಾನ. ಮಳೆ ಜೋರಾದರೆ ಮುಂದೆ ಹೋಗುತ್ತಿರುವವರೇ ಕಾಣಿಸುವುದಿಲ್ಲ. ಹೋಗುವಾಗ ಒಂದು ಔಷಧದ ಪೆಟ್ಟಿಗೆಯನ್ನು ಮುಟ್ಟದೆ ಬಿಟ್ಟು ಬಂದಿದ್ದರೆ ಅದರ ಬೆಲೆ ಆಗ ತಿಳಿಯುತ್ತದೆ.

ಕೊರತೆಯ ಮೂಲವೂ ಅದೇ ನಿಯಮ. ಅಪರಿಚಿತರ ಜೊತೆ ಆಡಿದರೆ ಒಬ್ಬ ಮುಂದೆ ಓಡುತ್ತಾನೆ, ಉಳಿದವರು ಸಾಯುತ್ತಾರೆ. ನಾಲ್ವರಿಗೆ ನಾಲ್ವರು ಎದುರಾಗುವ 'ವರ್ಸಸ್' ಇನ್ನೂ ಕಷ್ಟ. ವರ್ಷಗಟ್ಟಲೆ ಪಳಗಿದವರು ಹೊಸಬರನ್ನು ಮತ ಹಾಕಿ ಹೊರದಬ್ಬುವುದನ್ನು ಬೇಕಾದಷ್ಟು ನೋಡಿದ್ದೇನೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ. ನಾಲ್ಕನೆಯ ಜಾಗಕ್ಕೆ ಕಂಪ್ಯೂಟರೇ ಆಡಿಸುವ ಬಾಟ್ ಬರುತ್ತದೆ. ಗುರಿ ಚೆನ್ನಾಗಿದೆ, ಆದರೆ ಪೈಪ್ ಬಾಂಬ್ ಎಸೆಯುವುದು ಅದರ ಕೈಲಾಗದು.

ಮಧ್ಯರಾತ್ರಿ ಆಟಗಾರ:
ಮುಖ್ಯವಾದ ಕೊರತೆಯನ್ನೇ ಬಿಟ್ಟಿರಿ. ಎಷ್ಟು ಆಡಿದರೂ ಹೊಸ ಶಕ್ತಿಯಿಲ್ಲ, ಬಂದೂಕು ಬಲಿಯುವುದಿಲ್ಲ, ಕಥೆಯೂ ತೆಳು. ಮೊದಲ ಲೆಫ್ಟ್ 4 ಡೆಡ್ ಕಟ್ಟಿದ ಟರ್ಟಲ್ ರಾಕ್‌ನವರೇ 2021ರಲ್ಲಿ ತಂದ ಬ್ಯಾಕ್ 4 ಬ್ಲಡ್ ಎಂಬ ಆಟದಲ್ಲಿ ಕಾರ್ಡುಗಳನ್ನು ಜೋಡಿಸಿಕೊಂಡು ನಮಗೆ ಬೇಕಾದಂತೆ ಬೆಳೆಯಬಹುದು.

ಕಬ್ಬಿನಗದ್ದೆ:
ಕಥೆ ತೆಳು ಎಂಬುದು ಒಪ್ಪತಕ್ಕ ಮಾತು. ಆದರೆ ಬೆಳವಣಿಗೆ ಇಲ್ಲದಿರುವುದೇ ನನಗೆ ಇದರ ದೊಡ್ಡ ಗುಣ. ಇಂದು ಮೊದಲ ಬಾರಿ ಆಡುವ ತಂಗಿಗೂ ಹತ್ತು ವರ್ಷ ಆಡಿದ ಅಣ್ಣನಿಗೂ ಸಿಗುವುದು ಅದೇ ಬಂದೂಕು. ವಾರಕ್ಕೊಮ್ಮೆ ಸೇರುವವರಿಗೆ ಇದಕ್ಕಿಂತ ಅನುಕೂಲ ಏನಿದೆ? ಇವರ ಕಂಪ್ಯೂಟರುಗಳು ಹಳೆಯವು ಎಂಬುದನ್ನೂ ನೋಡಬೇಕಲ್ಲ.

ಹಳೆಯ ಲ್ಯಾಪ್‌ಟಾಪ್:
ಹಾಗಾದರೆ ಕೊಳ್ಳುತ್ತೇವೆ. ಕಷ್ಟದ ಯಾವ ಮಟ್ಟದಿಂದ ಶುರು ಮಾಡುವುದು?

ಕಬ್ಬಿನಗದ್ದೆ:
'ನಾರ್ಮಲ್'. 'ಎಕ್ಸ್‌ಪರ್ಟ್' ಕಡೆಗೆ ಈಗಲೇ ಹೋಗಬೇಡಿ. ಅಲ್ಲಿ ಸಾಮಾನ್ಯ ಜೊಂಬಿಯ ಒಂದೇ ಏಟಿಗೆ ನೂರರಲ್ಲಿ 20 ಅಂಶ ಪ್ರಾಣ ಹೋಗುತ್ತದೆ, ಜೊತೆಯವರ ಗುಂಡು ತಗುಲಿದರೂ ಪೆಟ್ಟು ಜೋರು. ಮೊದಲ ಆಟದ ಭಾಗಗಳೂ ಇದರಲ್ಲೇ ಸೇರಿವೆ, ಅದನ್ನು ಬೇರೆಯಾಗಿ ಕೊಳ್ಳಬೇಕಿಲ್ಲ. ಮೂವರಿಗೂ ಮೈಕ್ ಇರಲಿ. ಸ್ಮೋಕರ್ ಎಳೆಯುತ್ತಿರುವಾಗ ಟೈಪ್ ಮಾಡಲು ಸಮಯವಿರುವುದಿಲ್ಲ.