ಒಂದ ಬೀಜ, ಒಂದ ದಿನದ ಬಿತ್ತನೆ, ಮಸಾರಿಯೊಳಗಷ್ಟ ಸೋಯಾಬೀನ ಹಳದಿ. ಯಾಕ?

ಹಳ್ಳದದಂಡಿ:
ನಮಸ್ಕಾರ್ರಿ. ಧಾರವಾಡದ ಕಡೆಯವ ನಾನು. ಮೂರು ಎಕರೆ ಎರಿ (ಕರಿ ಮಣ್ಣು), ಹಳ್ಳದ ದಂಡಿಗೆ ಒಂದು ಎಕರೆ ಮಸಾರಿ (ಕೆಂಪು ಮಣ್ಣು), ಅದರಾಗ ಉಸುಕು ಜಾಸ್ತಿ. ಎರಡಕ್ಕೂ ಜೆಎಸ್-335 ತಳಿ, ಒಂದ ಲಾಟಿನ ಬೀಜ. ಎರಿ ಹೊಲ ಚೊಲೋ ಐತಿ. ಮಸಾರಿಯೊಳಗ ಕಂಬಳಿ ಹಾಸಿದಷ್ಟಗಲ ಅಲ್ಲಲ್ಲೆ ಹಳದಿ, ಗಿಡ ಗಿಡ್ಡ. ನೆಲ ಹಸಿ ಇದ್ರೂ ಮಧ್ಯಾಹ್ನ ಬಾಡ್ತಾವ, ಸಂಜಿಗೆ ಏಳ್ತಾವ. ಕಿತ್ತು ನೋಡಿದ್ರ ಬೇರಿನ ತುಂಬ ಗಂಟು. ಗಂಟಿದ್ರ ಒಳ್ಳೇದು, ಸಾರಜನಕ ಹಿಡೀತಾವ ಅಂತಾರಲ್ಲ?

ಗೊಬ್ಬರದಂಗಡಿ:
ಸತುವಿನ ಕೊರತೆ ಇರಬೇಕು. ಜಿಂಕ್ ಸಲ್ಫೇಟ್ ಹೊಡೀರಿ.

ಬಕೆಟ್‌ನೀರು:
ಜಿಂಕ್ ಆಮೇಲೆ, ಮೊದಲು ಒಂದು ಬಕೆಟ್ ನೀರು. ಗಿಡವನ್ನು ಜಗ್ಗಬೇಡಿ, ಸಲಿಕೆಯಿಂದ ಮಣ್ಣುಸಮೇತ ಎತ್ತಿ ನೆನೆಹಾಕಿ ತೊಳೆಯಿರಿ. ಸಾರಜನಕ ಹಿಡಿಯುವ ರೈಜೋಬಿಯಂ ಬ್ಯಾಕ್ಟೀರಿಯಾದ ಗಂಟು ಬೇರಿನ ಪಕ್ಕಕ್ಕೆ ಅಂಟಿರುತ್ತದೆ, ಉಗುರು ತಾಗಿಸಿದರೆ ಉದುರುತ್ತದೆ, ಒಡೆದರೆ ಒಳಗೆ ನಸುಗೆಂಪು. ಬೇರುಗಂಟು ಜಂತುಹುಳದ್ದಾದರೆ (ನೆಮಟೋಡ್, ಬೇರಿಗೆ ಹೊಕ್ಕುವ ಮಣ್ಣಿನ ಸಣ್ಣ ಹುಳ) ಬೇರು ತಾನೇ ಊದಿಕೊಂಡಿರುತ್ತದೆ, ಕಿತ್ತರೆ ಬೇರು ಹರಿಯುತ್ತದೆಯೇ ಹೊರತು ಗಂಟು ಬಿಡುವುದಿಲ್ಲ.

ಮಸಾರಿಯಲ್ಲಷ್ಟೇ ಯಾಕೆ ಅಂದರೆ, ಮರಿಹುಳ ಈಜುವುದು ಮಣ್ಣಿನ ಕಣಕ್ಕೆ ಅಂಟಿದ ತೆಳು ನೀರಿನ ಪೊರೆಯಲ್ಲಿ. ಉಸುಕು ಮಣ್ಣಿನ ಸಂದು ದೊಡ್ಡದು, ಗಾಳಿಯೂ ಆಡುತ್ತದೆ, ಸಲೀಸಾಗಿ ಬೇರಿಗೆ ಹೋಗುತ್ತದೆ. ಎರಿಯ ಸಂದು ಕಿರಿದು, ಮಳೆ ಹೆಚ್ಚಾಗಿ ನೀರು ನಿಂತರಂತೂ ಉಸಿರಿಗೇ ಕಷ್ಟ. (ಎರಿಯಲ್ಲೂ ನಡೆಯುವ ಬೇರೆ ಜಾತಿ ಇದೆ, ರೆನಿಫಾರ್ಮ್ ಅಂತ. ಅದು ಗಂಟು ಕಟ್ಟುವುದಿಲ್ಲ.)

ಮಣ್ಣು 27-28 ಡಿಗ್ರಿ ಇದ್ದರೆ ಸುಮಾರು ಒಂದು ತಿಂಗಳಿಗೆ ಒಂದು ತಲೆಮಾರು, ಒಂದು ಹೆಣ್ಣಿಗೆ ನೂರಾರು ಮೊಟ್ಟೆ. ನಿಮ್ಮದು ನೂರು ದಿನದ ಹತ್ತಿರದ ಬೆಳೆ, ಲೆಕ್ಕ ಹಾಕಿ. ಮಳೆ ಸರಿಯಿದ್ದಾಗ ಅರೆಬರೆ ಬೇರಿನ ಗಿಡವೂ ಹೇಗೋ ಕುಡಿದುಕೊಳ್ಳುತ್ತದೆ, ಹತ್ತು ದಿನ ಮಳೆ ತಪ್ಪಿದರೆ ಬಣ್ಣ ಬಯಲು.

ಒಂದು ಮಾತು: ಬೇಸಿಗೆಯಲ್ಲಿ ಆ ಎಕರೆಯಲ್ಲಿ ಏನಿತ್ತು?

ಅಯೋವಾದಿಂದ:
ಇಲ್ಲಿ ಸೋಯಾಗೆ ದೊಡ್ಡ ಕಾಟ ಸಿಸ್ಟ್ ಜಂತುಹುಳ, ಅಮೆರಿಕದಲ್ಲಿ ಮೊದಲು ಕಂಡದ್ದು 1954ರಲ್ಲಿ, ಉತ್ತರ ಕೆರೊಲಿನಾದಲ್ಲಿ. ಗಂಟಿಲ್ಲ, ಬೇರಿನ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ-ಹಳದಿ ಮಣಿಗಳು. ಅದಕ್ಕೆ ಕ್ಷಾರ ಹೆಚ್ಚಿರುವ ಮಣ್ಣು ಬಲು ಇಷ್ಟ, ಒಂದೇ ಹೊಲದಲ್ಲಿ ಪಿಎಚ್ ಜಾಸ್ತಿ ಇರುವ ಮೂಲೆಯಲ್ಲೇ ಹೆಚ್ಚು ಸಿಗುತ್ತದೆ. ಒಣ ವರ್ಷ ಇಲ್ಲೂ ಹಾಗೇ, ನಷ್ಟ ಕಣ್ಣಿಗೆ ಹೊಡೆಯುತ್ತದೆ. ನಿಮ್ಮ ವರ್ಣನೆ ಇದರದ್ದಲ್ಲ.

ಹಳ್ಳದದಂಡಿ:
ತೊಳದು ನೋಡಿದೆರಿ. ಹರದು ಬಂತು, ಗಂಟು ಬಿಡಲಿಲ್ಲ. ಬ್ಯಾಸಗಿಗೆ ಅಲ್ಲೆ ಡ್ರಿಪ್ ಹಾಕಿ ಟೊಮ್ಯಾಟೊ ಮಾಡಿದ್ವಿ. ಅದರ ಬೇರಿಗೂ ಗಂಟಿದ್ದು ಅಂತ ಅವ್ವ ಈಗ ಹೇಳ್ತಾಳ, ಆವಾಗ ಹೇಳಲಿಲ್ಲ!

ಬಕೆಟ್‌ನೀರು:
ಹಾಗಾದರೆ ಕಥೆ ಅಲ್ಲೇ ಇದೆ. ಏಪ್ರಿಲ್-ಮೇ ಬಿಸಿಲಿಗೆ ಒಣಗಿ ಸಾಯಬೇಕಾದ ಮೊಟ್ಟೆಗೆ ನೀವು ಹನಿಹನಿ ನೀರು ಕೊಟ್ಟು, ಇಷ್ಟದ ಬೇರನ್ನೂ ಕೊಟ್ಟಿರಿ. ನಿಂತ ಬೆಳೆಗೆ ಈಗ ದುಡ್ಡು ಸುರಿಯಬೇಡಿ. ಹಳದಿ ಪಟ್ಟಿಯ ಅಂಚಿನ ಗಿಡಗಳ ಬೇರು, ಒಂದು ಗೇಣು ಆಳದ ಹಸಿ ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗಿಡದೆ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ಯಿರಿ. ಜಾತಿ ಯಾವುದು ಅಂತ ಗೊತ್ತಾಗದೆ ಶೇಂಗಾ ಹಾಕಬೇಡಿ, ಕೆಲವು ಜಾತಿ ಅದನ್ನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಎರಡು-ಮೂರು ಸಲ ಆಳವಾಗಿ ಉತ್ತು ಒಣಬಿಡಿ.

ಹಳ್ಳದದಂಡಿ:
ಬದನಿ ಸಸಿಗೆ ಅಡ್ವಾನ್ಸ್ ಕೊಟ್ಟಬಿಟ್ಟೀನಲ್ರಿ. ಎರಿಯೊಳಗ ಹಚ್ಚಲೇನು?

ಬಕೆಟ್‌ನೀರು:
ಸಸಿ ಬಂದ ದಿನ ಹತ್ತಿಪ್ಪತ್ತರ ಬೇರು ತೊಳೆದು ನೋಡಿ, ಒಂದಕ್ಕೆ ಗಂಟು ಕಂಡರೂ ವಾಪಸ್ ಮಾಡಿ. ಮತ್ತೆ ಕುಂಟಿ ಮೊದಲು ಎರಿಯಲ್ಲಿ ಹೊಡೆದು ಆಮೇಲೆ ಮಸಾರಿಗೆ ಇಳಿಸಿ, ಉಲ್ಟಾ ಅಲ್ಲ; ಅಂಟಿದ ಮಣ್ಣಿನ ಜೊತೆಗೇ ಹುಳ ಬರುತ್ತದೆ. ಹಳ್ಳದ ಹತ್ತಿರವೇ ಇದ್ದೀರಿ, ಮಣ್ಣು ತೊಳೆದೇ ಮೇಲೆ ತನ್ನಿ.